ತೂಕದ ಮೆಷಿನ್ ಜೊತೆ ಒಂದು ಟೇಪನ್ನೂ ತನ್ನಿ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಕೊಡಗಿನ ಎಲ್ಲ ಶಾಲೆಗಳ ಮುಖ್ಯ ಶಿಕ್ಷಕರಿಗೆ ನಮಸ್ಕಾರ.

ನಾನು ಗೋಣಿಕೊಪ್ಪಲಿನಲ್ಲಿ 18 ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಜಾಸ್ತಿ ಹೊಲಿದಿರುವುದು ಶಾಲೆ ಯೂನಿಫಾರ್ಮ್. ಮೇ ತಿಂಗಳು ಬಂತೆಂದರೆ ಅಂಗಡಿ ತುಂಬ ಮಕ್ಕಳು, ಕೊರಳಲ್ಲಿ ಟೇಪು, ಕಿವಿ ಮೇಲೆ ಪೆನ್ಸಿಲ್ಲು, ಪಕ್ಕದಲ್ಲಿ ಅಳತೆ ಪುಸ್ತಕ. ಶುರುವಿನಲ್ಲಿ ತಾಯಂದಿರು ಬಂದು ಹೇಳುತ್ತಿದ್ದ ಮಾತು ಒಂದೇ: "ಉದ್ದ ಎರಡಿಂಚು ಜಾಸ್ತಿ ಇಟ್ಟು ಮಡಚಿ ಹೊಲಿ ಅಕ್ಕ, ಬೆಳೆಯೋ ಮಗು." ಈಗ ಆ ಮಾತಿನ ಜೊತೆ ಇನ್ನೊಂದು ಸೇರಿದೆ. ಆಗಸ್ಟ್ ಕಳೆಯುವುದರೊಳಗೆ ಅದೇ ಪ್ಯಾಂಟ್ ವಾಪಸ್ ಬರುತ್ತದೆ, "ಸೊಂಟ ಸ್ವಲ್ಪ ಬಿಡಿಸಿ ಕೊಡಿ ಅಕ್ಕ, ಗುಂಡಿ ಹಾಕೋಕೆ ಆಗ್ತಿಲ್ಲ." ಉದ್ದ ಹಾಗೇ ಇರುತ್ತದೆ, ಸೊಂಟ ಮಾತ್ರ ಬೆಳೆದಿರುತ್ತದೆ. ನಾನು ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಹೊರಗೆ ತಂದು, ಮತ್ತೆ ಹೊಲಿದು ಕೊಡುತ್ತೇನೆ. ಎಷ್ಟೋ ವರ್ಷ ಇದನ್ನು ಸುಮ್ನೆ ಕೆಲಸ ಎಂದುಕೊಂಡು ಮಾಡಿದೆ. ನನ್ನ ಮಗನಿಗೇ ಹಾಗಾಗುವವರೆಗೂ ಅದು ಏನು ಹೇಳುತ್ತಿದೆ ಎಂದು ನನಗೆ ಹೊಳೆಯಲಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಶಾಲೆಗಳಲ್ಲಿ ಮಕ್ಕಳ ಆರೋಗ್ಯ ತಪಾಸಣೆಗೆ ಬರುವಾಗ ತೂಕದ ಮೆಷಿನ್ ಜೊತೆ ಒಂದು ಟೇಪನ್ನೂ ತನ್ನಿ. ಎತ್ತರ, ತೂಕ ಬರೆದುಕೊಂಡ ಹಾಗೆ ಹೊಟ್ಟೆಯ ಸುತ್ತಳತೆಯನ್ನೂ ಬರೆದುಕೊಳ್ಳಿ. ಕತ್ತಿನ ಹಿಂಭಾಗ ಒಂದು ಸಲ ನೋಡಿ. ಅನುಮಾನ ಬಂದ ಮಗುವನ್ನು ರಕ್ತ ಪರೀಕ್ಷೆಗೆ ಕಳಿಸಿ, ಕಳಿಸಿದ ಮೇಲೆ ಏನಾಯಿತು ಎಂದು ಕೇಳಿ. ಇದೆಲ್ಲವನ್ನೂ ಮಗುವಿನ ಮಾನ ಕಳೆಯದ ಹಾಗೆ, ಪರದೆಯ ಹಿಂದೆ ಮಾಡಿ. ಯಾಕೆ ಕೇಳುತ್ತಿದ್ದೇನೆ ಎಂದು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗನಿಗೆ ಆಗ 11 ವರ್ಷ. ಶಾಲೆಯಲ್ಲಿ ಆರೋಗ್ಯ ಶಿಬಿರ ಇತ್ತು. ಯಾವ ಶಾಲೆ, ಯಾರು ಬಂದಿದ್ದರು ಎಂದು ಇಲ್ಲಿ ಬರೆಯುವುದಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ. ಕ್ಲಾಸಿನ ಮುಂದೆ ಮೆಷಿನ್ ಇಟ್ಟು ಒಬ್ಬೊಬ್ಬರನ್ನೇ ಹತ್ತಿಸಿ, ಒಬ್ಬರು ಗಟ್ಟಿಯಾಗಿ ಓದಿ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಇವನ ಸರದಿ ಬಂದಾಗ "ಐವತ್ತಾರು" ಎಂದು ಕೂಗಿದರಂತೆ. ಇವನ ಹಿಂದೆ ಮುಂದೆ ಇದ್ದ ಮಕ್ಕಳದ್ದು ಮೂವತ್ತೆರಡು, ಮೂವತ್ತೈದು. ಇಡೀ ಕ್ಲಾಸು ನಕ್ಕಿತು. ಅವತ್ತಿಂದ ಅವನ ಹೆಸರೇ ಐವತ್ತಾರು ಆಯಿತು. ಮನೆಗೆ ಬಂದ ಕಾರ್ಡಿನಲ್ಲಿ ಎತ್ತರ, ತೂಕ, ಕೆಳಗೆ "ತೂಕ ಜಾಸ್ತಿ, ಆಹಾರ ಕಡಿಮೆ ಮಾಡಿ" ಎಂದು ಒಂದು ಸಾಲು. ಅಷ್ಟೇ. ಯಾವ ಆಹಾರ, ಎಷ್ಟು ಕಡಿಮೆ, ಮತ್ತೆ ಯಾರನ್ನು ಕಾಣಬೇಕು, ಏನೂ ಇಲ್ಲ. ಅವನು ಬುತ್ತಿಯನ್ನು ಮುಟ್ಟದೆ ವಾಪಸ್ ತರಲು ಶುರು ಮಾಡಿದ. ಸಂಜೆ ಹಸಿವು ತಡೆಯಲಾಗದೆ ಬೇಕರಿಯಲ್ಲಿ ಪಫ್ಸ್, ಕೂಲ್ ಡ್ರಿಂಕ್ಸ್. ನನಗೆ ಗೊತ್ತಾಗಿದ್ದು ತಿಂಗಳ ಮೇಲೆ.

ಅದಕ್ಕಿಂತ ನನ್ನನ್ನು ಈಗಲೂ ಚುಚ್ಚುವುದು ಇನ್ನೊಂದು. ಅವನ ಕತ್ತಿನ ಹಿಂದೆ, ಕಾಲರ್ ಕೂರುವ ಜಾಗದಲ್ಲಿ, ಚರ್ಮ ಕಪ್ಪಾಗಿತ್ತು. ಸುಮ್ನೆ ಕಪ್ಪಲ್ಲ, ಸ್ವಲ್ಪ ದಪ್ಪಗೆ, ಮುಟ್ಟಿದರೆ ಮಖಮಲ್ಲಿನ ಹಾಗೆ. ನಾನು ಕೊಳೆ ಅಂದುಕೊಂಡೆ. ಸರಿಯಾಗಿ ಸ್ನಾನ ಮಾಡುವುದಿಲ್ಲ ಎಂದು ಬೈದೆ. ಭಾನುವಾರ ಬಚ್ಚಲಲ್ಲಿ ಕೂರಿಸಿ ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ತಿಕ್ಕಿದೆ. ಹೀರೆಕಾಯಿ ನಾರಿನಲ್ಲಿ ತಿಕ್ಕಿದೆ. ಚರ್ಮ ಕೆಂಪಾಗಿ ಉರಿ ಎದ್ದು ಅವನು ಅತ್ತರೂ ಬಿಡಲಿಲ್ಲ. ಕೊಳೆ ಹೋಗಲಿಲ್ಲ, ಯಾಕೆಂದರೆ ಅದು ಕೊಳೆಯೇ ಆಗಿರಲಿಲ್ಲ. ಮೈಸೂರಿನಲ್ಲಿ ಮಕ್ಕಳ ಡಾಕ್ಟರ್ ಒಬ್ಬರ ಹತ್ತಿರ ಕೆಮ್ಮಿಗೆಂದು ಕರೆದುಕೊಂಡು ಹೋಗಿದ್ದಾಗ ಅವರು ಅಂಗಿಯ ಕಾಲರ್ ಸರಿಸಿ ನೋಡಿ, ಕೆಮ್ಮಿನ ವಿಷಯ ಬಿಟ್ಟು, "ಇದು ಎಷ್ಟು ದಿನದಿಂದ ಇದೆ?" ಎಂದು ಕೇಳಿದರು. ಇನ್ಸುಲಿನ್ ಮೈಯಲ್ಲಿ ಸರಿಯಾಗಿ ಕೆಲಸ ಮಾಡದಿದ್ದಾಗ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ, ಆ ಜಾಸ್ತಿ ಇನ್ಸುಲಿನ್ ಚರ್ಮದ ಕಣಗಳನ್ನು ಬೆಳೆಸಿ ಕತ್ತು, ಕಂಕುಳಲ್ಲಿ ಹೀಗೆ ಕಪ್ಪಗೆ ದಪ್ಪ ಮಾಡುತ್ತದೆ ಎಂದು ಬಿಡಿಸಿ ಹೇಳಿದರು. ಅಕ್ಯಾಂಥೋಸಿಸ್ ನೈಗ್ರಿಕಾನ್ಸ್ ಎಂದು ಅದರ ಹೆಸರು. ಶಿಬಿರದಲ್ಲಿ ಯಾರಾದರೂ ಒಂದು ನಿಮಿಷ ಕಾಲರ್ ಸರಿಸಿ ನೋಡಿದ್ದರೆ ಸಾಕಿತ್ತು, ಅಲ್ವಾ?

ಆಮೇಲೆ ಅವರು ನನ್ನ ಕೈಯಲ್ಲಿ ಯಾವಾಗಲೂ ಇರುವ ಸಾಮಾನನ್ನೇ ತೆಗೆದರು. ಟೇಪು. ಅವನ ಎತ್ತರ 146 ಸೆಂಟಿಮೀಟರ್. ಹೊಟ್ಟೆಯ ಸುತ್ತಳತೆ 84. "ಮಗುವಿನ ಸುತ್ತಳತೆ ಅದರ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕಮ್ಮ. ಇವನ ಎತ್ತರದ ಅರ್ಧ 73. ಇವನು 11 ಸೆಂಟಿಮೀಟರ್ ಮುಂದೆ ಹೋಗಿದ್ದಾನೆ" ಎಂದರು. 18 ವರ್ಷ ಟೇಪು ಹಿಡಿದ ನನಗೆ ಈ ಒಂದು ಲೆಕ್ಕ ಗೊತ್ತಿರಲಿಲ್ಲ.

ರಕ್ತ ಪರೀಕ್ಷೆ ಆಯಿತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.8. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದಾನೆ ಎಂದರ್ಥ. ರಕ್ತದಲ್ಲಿರುವ ಕೊಬ್ಬು, ಟ್ರೈಗ್ಲಿಸರೈಡ್, 168. 10 ವರ್ಷ ದಾಟಿದ ಮಕ್ಕಳಲ್ಲಿ 130 ಮುಟ್ಟಿದರೇ ಜಾಸ್ತಿ. ಲಿವರ್ ನೋಡುವ ಎಸ್‌ಜಿಪಿಟಿ 54, ಸ್ಕ್ಯಾನಿನಲ್ಲಿ ಲಿವರಿಗೆ ಕೊಬ್ಬು ಕೂತಿದೆ ಎಂದು ಬಂತು. ಒಂದು ತೊಟ್ಟು ಹೆಂಡ ಕಾಣದ 11 ವರ್ಷದ ಹುಡುಗ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವನು ಪಕ್ಕದಲ್ಲಿ ನಿಂತು, "ಅಮ್ಮ, ಇನ್ಮೇಲೆ ಕತ್ತು ತಿಕ್ಕಲ್ಲ ಅಲ್ವಾ?" ಎಂದು ಕೇಳಿದ.

ಸರ್, ಮೇಡಂ, ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಡಾಕ್ಟರನ್ನು ಕೇಳಿದೆ, ಸಿಕ್ಕಿದ್ದನ್ನೆಲ್ಲ ಓದಿದೆ, ಓದಿದ್ದು ಅರ್ಥವಾಗದಿದ್ದರೆ ಮತ್ತೆ ಡಾಕ್ಟರನ್ನೇ ಕೇಳಿದೆ. ಶಾಲೆಗಳಲ್ಲಿ ಲೆಕ್ಕ ಹಾಕುವ ಬಿಎಂಐ, ಅಂದರೆ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸುವುದು, 1830ರ ದಶಕದಲ್ಲಿ ಬೆಲ್ಜಿಯಂನ ಕೆಟ್ಲೆ ಎಂಬ ಗಣಿತಜ್ಞ ಮಾಡಿದ ಲೆಕ್ಕ. ಅವರು ಡಾಕ್ಟರೂ ಅಲ್ಲ, ಯಾರಿಗೆ ಕೊಬ್ಬು ಎಷ್ಟಿದೆ ಎಂದು ನೋಡಲು ಮಾಡಿದ್ದೂ ಅಲ್ಲ. ಜನರ ಮೈಕಟ್ಟಿನ ಸರಾಸರಿ ಹುಡುಕುತ್ತಿದ್ದರು. ಬಿಎಂಐ ಎಂಬ ಹೆಸರು ಬಂದಿದ್ದೇ 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಅವರಿಂದ. ನಾನು ಬಿಎಂಐ ಬೇಡ ಎನ್ನುತ್ತಿಲ್ಲ. ಸಾವಿರಾರು ಮಕ್ಕಳನ್ನು ಬೇಗ ಬೇಗ ನೋಡಲು ಅದು ಒಳ್ಳೆಯದೇ. ಆದರೆ ತೂಕದ ಮೆಷಿನ್‌ಗೆ ಮೂಳೆ ಯಾವುದು, ಮಾಂಸಖಂಡ ಯಾವುದು, ಕೊಬ್ಬು ಯಾವುದು ಗೊತ್ತಾಗುವುದಿಲ್ಲ. ಕೊಬ್ಬು ಚರ್ಮದ ಕೆಳಗಿದೆಯೋ ಹೊಟ್ಟೆಯೊಳಗೆ ಲಿವರ್ ಸುತ್ತ ಇದೆಯೋ ಅದಂತೂ ಗೊತ್ತೇ ಆಗುವುದಿಲ್ಲ. ತೊಂದರೆ ಕೊಡುವುದು ಮುಖ್ಯವಾಗಿ ಒಳಗಿನ ಆ ಕೊಬ್ಬು.

ನಮ್ಮವರಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಯುಡ್ಕಿನ್ ಇಬ್ಬರೂ ತಮ್ಮ ಮೈಯನ್ನೇ ಅಳೆಸಿಕೊಂಡು 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫೋಟೋ ಸಮೇತ ಹಾಕಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ 21.2. ಕಾರ್ಡಿನಲ್ಲಿ ಬರೆದರೆ ಇಬ್ಬರೂ ನಾರ್ಮಲ್. ಯಾಜ್ಞಿಕ್ ಅವರ ತಂಡ ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳನ್ನು ನೋಡಿದಾಗಲೂ ಇದನ್ನೇ ಕಂಡರು. ನಮ್ಮ ಮಕ್ಕಳು ಹುಟ್ಟುವಾಗಲೇ ತೂಕ ಕಡಿಮೆ, ಕೈಕಾಲು ಸಣ್ಣ, ಕೊಬ್ಬು ಮಾತ್ರ ಅದಕ್ಕೆ ತಕ್ಕಂತೆ ಕಡಿಮೆ ಇರುವುದಿಲ್ಲ. ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ಮಾಡಿದ ಚಾರ್ಟಿನಲ್ಲಿ "ತೂಕ ಜಾಸ್ತಿ" ಗೆರೆಯನ್ನು ದೊಡ್ಡವರ ಲೆಕ್ಕದ ಬಿಎಂಐ 25ಕ್ಕೆ ಹೊಂದಿಸದೆ 23ಕ್ಕೆ ಹೊಂದಿಸಿದ್ದು ಅದಕ್ಕೇ. ತಪಾಸಣೆಗೆ ಬರುವ ತಂಡಗಳು ಆ ಚಾರ್ಟನ್ನೇ ಬಳಸಲಿ ಎಂದೂ ಕೇಳುತ್ತೇನೆ.

ಇನ್ನು ನನ್ನ ಅಂಗಡಿಯಲ್ಲಿ ಕಂಡದ್ದು. ಹೆತ್ತವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಯಾರ ಮಕ್ಕಳು ಎಂದು ಹೇಳುವುದಿಲ್ಲ. ಒಬ್ಬಳು ಹುಡುಗಿ, 13 ವರ್ಷ, ಹಾಕಿ ಆಡುತ್ತಾಳೆ. ಎತ್ತರ 152, ತೂಕ 57. ಶಾಲೆಯ ಕಾರ್ಡಿನಲ್ಲಿ "ತೂಕ ಜಾಸ್ತಿ". ಅವಳ ತೊಡೆ ಅಳತೆ ತೆಗೆಯುವಾಗ ಗೊತ್ತಾಗುತ್ತದೆ, ಕಲ್ಲಿನ ಹಾಗಿದೆ. ಹೊಟ್ಟೆಯ ಸುತ್ತಳತೆ 68, ಎತ್ತರದ ಅರ್ಧ 76. ಎಷ್ಟೊಂದು ಕೆಳಗಿದ್ದಾಳೆ ನೋಡಿ. ಆದರೆ ಕಾರ್ಡ್ ನೋಡಿ ಮನೆಯಲ್ಲಿ ಹೆದರಿ ಅನ್ನ, ಒಟ್ಟಿ (ನಮ್ಮ ಕಡೆಯ ಅಕ್ಕಿ ರೊಟ್ಟಿ) ಎಲ್ಲ ಬಿಡಿಸಿದರು. ಎರಡು ವಾರಕ್ಕೆ ಗ್ರೌಂಡಿನಲ್ಲಿ ತಲೆ ಸುತ್ತಿ ಬಿದ್ದಳು. ಇನ್ನೊಬ್ಬ ಹುಡುಗ, 11 ವರ್ಷ, ಎತ್ತರ 140, ತೂಕ 36. ಕಾರ್ಡಿನಲ್ಲಿ ನಾರ್ಮಲ್. ಕೈ ಕಡ್ಡಿ ಹಾಗಿದೆ, ಅಂಗಿಯ ತೋಳು ಎಷ್ಟು ಸಣ್ಣ ಮಾಡಿದರೂ ದೊಗಳೆ, ಹೊಟ್ಟೆ ಮಾತ್ರ ಮುಂದೆ. ಸುತ್ತಳತೆ 72, ಎತ್ತರದ ಅರ್ಧ 70. ಅವನ ಅಜ್ಜ, ಅಪ್ಪ ಇಬ್ಬರಿಗೂ ಶುಗರ್ ಇದೆ. ತೂಕದ ಮೆಷಿನ್ ಅವಳನ್ನು ಹೆದರಿಸಿತು, ಇವನನ್ನು ಬಿಟ್ಟುಬಿಟ್ಟಿತು. 2016ರಿಂದ 18ರವರೆಗೆ ದೇಶದಲ್ಲೆಲ್ಲ ಮಕ್ಕಳ ರಕ್ತ ತೆಗೆದು ಮಾಡಿದ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆಯಲ್ಲೂ ಇದೇ ಕಾಣುತ್ತದೆ. 10ರಿಂದ 19 ವರ್ಷದವರಲ್ಲಿ ತೂಕ ಜಾಸ್ತಿ ಇದ್ದವರು ಶೇ 5ರಷ್ಟು, ಆದರೆ ಸಕ್ಕರೆ ಗಡಿಗೆ ಬಂದವರು ಶೇ 10ರಷ್ಟು. ಅಂದರೆ ದಪ್ಪಗಿರುವ ಮಕ್ಕಳನ್ನು ಮಾತ್ರ ಹುಡುಕಿದರೆ ಎಷ್ಟೋ ಮಕ್ಕಳು ಕೈ ತಪ್ಪಿ ಹೋಗುತ್ತಾರೆ.

ಈಗ ಟೇಪು ಹಿಡಿಯುವ ವಿಷಯ. ಇದು ನನ್ನ ಕಸುಬು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ತಪ್ಪು ಹಿಡಿದರೆ ಅಳೆದೂ ಪ್ರಯೋಜನವಿಲ್ಲ. ನಾವು ಟೈಲರ್‌ಗಳು ಸೊಂಟ ಎಂದು ಅಳೆಯುವುದು ಪ್ಯಾಂಟ್ ಕೂರುವ ಜಾಗವನ್ನು. ಹೊಟ್ಟೆ ಇರುವ ಮಗುವಿನ ಪ್ಯಾಂಟ್ ಹೊಟ್ಟೆಯ ಕೆಳಗೆ ಜಾರಿ ಕೂರುತ್ತದೆ. ಅಲ್ಲಿ ಅಳೆದರೆ ಕಡಿಮೆ ಬರುತ್ತದೆ. ನನ್ನ ಮಗನದ್ದೇ ಅಳತೆ ಪುಸ್ತಕದಲ್ಲಿ 30 ಇಂಚು ಎಂದಿತ್ತು, ಅಂದರೆ 76 ಸೆಂಟಿಮೀಟರ್. ಡಾಕ್ಟರ್ ಅಳೆದಾಗ 84. ಅದೇ ಮಗು, ಅದೇ ವಾರ. ಅವರು ಅಳೆಯುವುದು ಬೇರೆ ಜಾಗ. ಪಕ್ಕೆಯಲ್ಲಿ ಕೈಯಿಟ್ಟರೆ ಕೊನೆಯ ಪಕ್ಕೆಲುಬು ಸಿಗುತ್ತದೆ, ಕೆಳಗೆ ಸೊಂಟದ ಮೂಳೆಯ ಮೇಲಿನ ಅಂಚು ಸಿಗುತ್ತದೆ, ಅವೆರಡರ ನಡುಮಧ್ಯ. ಅಲ್ಲಿ ಟೇಪನ್ನು ನೆಲಕ್ಕೆ ಸಮನಾಗಿ ಸುತ್ತಬೇಕು, ಬೆನ್ನ ಹಿಂದೆ ಜಾರಿದೆಯೋ ಎಂದು ಬಗ್ಗಿ ನೋಡಬೇಕು. ಬಿಗಿದರೆ ಚರ್ಮ ಒಳಗೆ ಹೋಗುತ್ತದೆ, ಸಡಿಲ ಬಿಟ್ಟರೆ ಜೋಲುತ್ತದೆ. ಮುಟ್ಟಿದಂತಿರಬೇಕು, ಒತ್ತಬಾರದು. ಮತ್ತೆ ಟೇಪು ಕಂಡ ಕೂಡಲೇ ಮಕ್ಕಳು ಉಸಿರು ಎಳೆದು ಹೊಟ್ಟೆ ಒಳಗೆ ಮಾಡಿಕೊಳ್ಳುತ್ತಾರೆ, ಅದರಲ್ಲೂ ಒಂದು ಸಲ ಯಾರಿಂದಲೋ ಅನ್ನಿಸಿಕೊಂಡ ಮಕ್ಕಳು. ನಾನು ಅವರಿಗೆ ಏನಾದರೂ ಕೇಳುತ್ತೇನೆ, ನಿನ್ನೆ ಏನು ಆಟ ಆಡಿದೆ, ಮನೆಯಲ್ಲಿ ನಾಯಿಮರಿ ಹೆಸರೇನು. ಮಾತಾಡುತ್ತಾ ಉಸಿರು ತಾನಾಗಿ ಹೊರಗೆ ಬರುತ್ತದೆ, ಆಗ ಓದಿಕೊಳ್ಳಬೇಕು. ಎರಡು ಸಲ ಅಳೆದು, ಎರಡೂ ಬೇರೆ ಬಂದರೆ ಮೂರನೇ ಸಲ ಅಳೆಯಬೇಕು. ಇನ್ನೊಂದು ಸಣ್ಣ ವಿಷಯ, ಟೇಪು ಹಳೆಯದಾದರೆ ಹಿಗ್ಗುತ್ತದೆ. ಹಿಗ್ಗಿದ ಟೇಪು ಯಾವಾಗಲೂ ಕಡಿಮೆ ತೋರಿಸುತ್ತದೆ. ನಾನು ತಿಂಗಳಿಗೊಮ್ಮೆ ಕಬ್ಬಿಣದ ಸ್ಕೇಲಿನ ಮೇಲೆ ಇಟ್ಟು ನೋಡುತ್ತೇನೆ. ನಿಮ್ಮ ತಂಡದವರೂ ಹಾಗೇ ನೋಡಲಿ.

ಎತ್ತರದ ಅರ್ಧ ಎನ್ನುವ ಲೆಕ್ಕ ನನ್ನದಲ್ಲ. ಬ್ರಿಟನ್ನಿನಲ್ಲಿ ಆರೋಗ್ಯ ಸೇವೆಗೆ ಮಾರ್ಗಸೂಚಿ ಕೊಡುವ ನೈಸ್ ಎಂಬ ಸಂಸ್ಥೆ 2022ರಲ್ಲಿ 5 ವರ್ಷ ದಾಟಿದ ಮಕ್ಕಳಿಗೂ ಇದನ್ನು ಬಳಸಬಹುದು ಎಂದಿದೆ. ಸುತ್ತಳತೆಯನ್ನು ಎತ್ತರದಿಂದ ಭಾಗಿಸಿ 0.5 ಮುಟ್ಟಿದರೆ ಎಚ್ಚರ, 0.6 ಮುಟ್ಟಿದರೆ ಅಪಾಯ ಜಾಸ್ತಿ. ಹುಡುಗ ಹುಡುಗಿ ಎಂದು ಬೇರೆ ಬೇರೆ ಚಾರ್ಟ್ ಬೇಡ. ಪೋಷಕರಿಗೂ ಹೇಳಿಕೊಡಬಹುದು, ಒಂದು ದಾರ ಸಾಕು. ಮಗುವಿನ ಎತ್ತರದಷ್ಟು ದಾರ ತೆಗೆದುಕೊಂಡು ಎರಡಾಗಿ ಮಡಚಿ ಹೊಟ್ಟೆಗೆ ಸುತ್ತಿ. ಸುತ್ತು ಕೂಡಿಕೊಳ್ಳದಿದ್ದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ತೋಟದ ಕೆಲಸದವರ ಲೈನ್ ಮನೆಯಲ್ಲಿ, ಆದಿವಾಸಿಗಳ ಹಾಡಿಯಲ್ಲಿ, ಅಕ್ಷರ ಬಾರದ ತಾಯಿಯೂ ಇದನ್ನು ಮಾಡಬಲ್ಲಳು.

ಇದನ್ನು ಹೇಳಿದಾಗ ಒಬ್ಬರು, "ಅಷ್ಟೆಲ್ಲ ಯಾಕೆ, ಕೊಬ್ಬು ಅಳೆಯೋ ಮೆಷಿನ್ನೇ ಬಂದಿದೆಯಲ್ಲ, ಶಾಲೆಗೊಂದು ತರಿಸಿದರೆ ಆಯಿತು" ಎಂದರು. ಆ ಮೆಷಿನ್ ಮೇಲೂ ನಾನು ಮಗನನ್ನು ನಿಲ್ಲಿಸಿದ್ದೇನೆ. ಬರಿಗಾಲಲ್ಲಿ ನಿಂತರೆ ಸಣ್ಣ ಕರೆಂಟ್ ಮೈಯಲ್ಲಿ ಹರಿಸುತ್ತದೆ, ನಮಗೆ ಗೊತ್ತಾಗುವುದಿಲ್ಲ. ಮಾಂಸಖಂಡದಲ್ಲಿ ನೀರು ಜಾಸ್ತಿ, ಕರೆಂಟ್ ಸುಲಭವಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ತಡೆಯುತ್ತದೆ. ಆ ತಡೆಯನ್ನು ಅಳೆದು ಮೆಷಿನ್ ಒಂದು ಸೂತ್ರಕ್ಕೆ ಹಾಕಿ ಶೇಕಡ ಎಷ್ಟು ಎಂದು ಹೇಳುತ್ತದೆ. ಬೆಳಿಗ್ಗೆ ನಿಂತಾಗ ಶೇ 36 ಎಂದಿತು, ಸಂಜೆ ಆಟ ಆಡಿ ನೀರು ಕುಡಿದು ಬಂದು ನಿಂತಾಗ 33. ಒಂದು ದಿನದಲ್ಲಿ ಕೊಬ್ಬು ಕರಗುತ್ತದೆಯೇ? ಮೈಯಲ್ಲಿ ನೀರು ಎಷ್ಟಿದೆ ಎನ್ನುವುದರ ಮೇಲೆ ಅದರ ಲೆಕ್ಕ ಏರಿಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಮೆಷಿನ್‌ಗಳ ಸೂತ್ರ ದೊಡ್ಡವರ ಮೈ ನೋಡಿ ಮಾಡಿದ್ದು, ಮಕ್ಕಳಿಗೆ, ಅದರಲ್ಲೂ ನಮ್ಮ ಮಕ್ಕಳಿಗೆ ಹೊಂದುವುದಿಲ್ಲ. ಚರ್ಮವನ್ನು ಚಿವುಟಿ ಹಿಡಿದು ಕ್ಯಾಲಿಪರ್‌ನಲ್ಲಿ ದಪ್ಪ ಅಳೆಯುವ ಕ್ರಮವೂ ಇದೆ, ತೋಳಿನ ಹಿಂದೆ, ಹೆಗಲ ಮೂಳೆಯ ಕೆಳಗೆ. ಅದಕ್ಕೆ ಪಳಗಿದ ಕೈ ಬೇಕು, ತುಂಬ ದಪ್ಪ ಇದ್ದ ಮಗುವಿನಲ್ಲಿ ಸರಿಯಾಗಿ ಹಿಡಿಯಲೂ ಆಗುವುದಿಲ್ಲ. ಮೂಳೆ ನೋಡುವ ಡೆಕ್ಸಾ ಸ್ಕ್ಯಾನ್ ಮೈಯ ಕೊಬ್ಬನ್ನೂ ಚೆನ್ನಾಗಿ ತೋರಿಸುತ್ತದೆ, ಆದರೆ ಊರೂರಿಗೆ ಹೊತ್ತು ತರುವ ಸಾಮಾನಲ್ಲ ಅದು. ಸಂಶೋಧನೆ ಮಾಡುವವರು ಅವನ್ನೆಲ್ಲ ಬಳಸಲಿ. ನಮ್ಮ ಶಾಲೆಗೆ ಬೇಕಾಗಿರುವುದು ಕೊಬ್ಬು ಶೇಕಡ ಎಷ್ಟು ಎನ್ನುವ ಉತ್ತರವಲ್ಲ, ಈ ಮಗುವನ್ನು ಡಾಕ್ಟರ್ ಹತ್ತಿರ ಕಳಿಸಬೇಕೋ ಬೇಡವೋ ಎನ್ನುವ ಉತ್ತರ. ಅದನ್ನು ಟೇಪು ಹೇಳುತ್ತದೆ.

ಟೇಪು ಹೇಳಿದ ಮೇಲೆ ಮುಂದಿನದ್ದು ಇದೆ. ಬಿಪಿ ನೋಡಬೇಕು, ಮಗುವಿನ ತೋಳಿಗೆ ಸರಿಯಾದ ಪಟ್ಟಿಯಲ್ಲಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್ ಮತ್ತು ಒಳ್ಳೆ ಕೊಲೆಸ್ಟ್ರಾಲ್, ಎಸ್‌ಜಿಪಿಟಿ, ಇಷ್ಟು ಸಾಕು ಎಂದು ನಮ್ಮ ಡಾಕ್ಟರ್ ಹೇಳಿದರು. ಇನ್ಸುಲಿನ್ ಪರೀಕ್ಷೆ ಮಾಡಿಸಲಾ ಎಂದು ನಾನೇ ಕೇಳಿದ್ದಕ್ಕೆ ಬೇಡ ಎಂದರು. ಮಕ್ಕಳು ದೊಡ್ಡವರಾಗುವ ವಯಸ್ಸಿನಲ್ಲಿ ಇನ್ಸುಲಿನ್ ತಾನಾಗಿಯೇ ಏರುತ್ತದೆ, ಲ್ಯಾಬಿನಿಂದ ಲ್ಯಾಬಿಗೆ ಲೆಕ್ಕ ಬೇರೆ ಬರುತ್ತದೆ, ದುಡ್ಡು ದಂಡ. ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ ಎಂದೂ ಹೇಳಿದರು, ಕಬ್ಬಿಣಾಂಶ ಕಡಿಮೆ ಇರುವ ಮಕ್ಕಳಲ್ಲಿ ಅದು ಸುಳ್ಳೇ ಏರಿರಬಹುದು. ನಮ್ಮಲ್ಲಿ ರಕ್ತ ಕಡಿಮೆ ಇರುವ ಮಕ್ಕಳು ಎಷ್ಟಿದ್ದಾರೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಎಸ್‌ಜಿಪಿಟಿಯದ್ದೂ ಒಂದು ಕಥೆ. ಲ್ಯಾಬ್ ಚೀಟಿಯಲ್ಲಿ 40ರವರೆಗೆ ನಾರ್ಮಲ್ ಎಂದು ಅಚ್ಚಾಗಿರುತ್ತದೆ, ಅದು ದೊಡ್ಡವರ ಲೆಕ್ಕ. ಹುಡುಗರಿಗೆ 26, ಹುಡುಗಿಯರಿಗೆ 22 ದಾಟಿದರೆ ಮತ್ತೆ ನೋಡಬೇಕು. ಈ ಒಂದು ವಿಷಯ ತಾಲ್ಲೂಕು ಆಸ್ಪತ್ರೆಗಳ ಲ್ಯಾಬಿಗೆ ಒಂದು ಸುತ್ತೋಲೆಯಲ್ಲಿ ಹೋದರೂ ಸಾಕು.

ತಪಾಸಣೆ ಫಾರಂನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ. "ಮಗು ಹೊಟ್ಟೆಯಲ್ಲಿದ್ದಾಗ ತಾಯಿಗೆ ಶುಗರ್ ಇತ್ತಾ?" ನನಗೆ ಇತ್ತು. ತಾಯಿ ಕಾರ್ಡಿನಲ್ಲಿ ಬರೆದೂ ಇತ್ತು. ಹೆರಿಗೆ ಆದ ಮೇಲೆ ಹೋಯಿತು, ನಾನೂ ಮರೆತೆ, ಎಲ್ಲರೂ ಮರೆತರು. ನಮ್ಮ ಪಕ್ಕದ ಮೈಸೂರಿನಲ್ಲೇ, ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ, 1997–98ರಲ್ಲಿ ಬಸುರಿಯರ ಸಕ್ಕರೆ ನೋಡಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಅಳೆಯುತ್ತಾ ಬಂದಿದ್ದಾರೆ. ಬಸುರಿನಲ್ಲಿ ಸಕ್ಕರೆ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, 5ನೇ ವರ್ಷಕ್ಕೇ ಚರ್ಮದ ಕೆಳಗಿನ ಕೊಬ್ಬು, ಇನ್ಸುಲಿನ್ ಎರಡೂ ಜಾಸ್ತಿ ಕಂಡಿವೆ. ಇಷ್ಟು ಹತ್ತಿರದಲ್ಲಿ ಕಂಡುಕೊಂಡದ್ದು ನಮ್ಮ ಫಾರಂಗೆ ಬರಲು ಇನ್ನೆಷ್ಟು ವರ್ಷ ಬೇಕು?

ಕೊಡಗಿನಲ್ಲಿ ಯಾಕೆ ಹೀಗೆ ಎಂದು ಕೇಳಿದರೆ ಎಲ್ಲರೂ ಮೊಬೈಲ್ ಎನ್ನುತ್ತಾರೆ. ಮೊಬೈಲೂ ಇದೆ. ಆದರೆ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ತಾಯಂದಿರನ್ನು ಕೇಳಿ ನೋಡಿ. ನಾವು ಮೂರು ಕಿಲೋಮೀಟರ್ ತೋಟದೊಳಗೆ ನಡೆದು ಶಾಲೆಗೆ ಹೋದವರು. ಈಗ ಆ ದಾರಿಯಲ್ಲಿ ಆನೆ ನಿಂತಿರುತ್ತದೆ. ಯಾವ ತಾಯಿ ಮಗುವನ್ನು ನಡೆಸಿ ಕಳಿಸುತ್ತಾಳೆ? ಜೀಪಿನಲ್ಲಿ, ಆಟೋದಲ್ಲಿ ಹೋಗುತ್ತಾರೆ, ಸಂಜೆ ಕತ್ತಲಾಗುವ ಮೊದಲೇ ಒಳಗೆ ಕೂರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಗ್ರೌಂಡು ಕೆಸರು, ಪಿ.ಟಿ. ಪೀರಿಯಡ್ ಎಂದರೆ ಗಣಿತದ ಪೀರಿಯಡ್. 1997ರಲ್ಲಿ ಕರಡ ಎಂಬ ಊರಿನಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ, ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿಗೆ ಊರಿಗೆ ಊರೇ ಸೇರುವ ಜಿಲ್ಲೆ ನಮ್ಮದು, ಆದರೆ ಮಳೆಗಾಲದಲ್ಲಿ ಮಕ್ಕಳು ಓಡಾಡಲು ಮೇಲ್ಛಾವಣಿ ಇರುವ ಒಂದು ಜಾಗ ಎಷ್ಟು ಶಾಲೆಗಳಲ್ಲಿದೆ? ಇದನ್ನೆಲ್ಲ ಯಾಕೆ ಬರೆದೆ ಅಂದರೆ, ತೂಕ ಜಾಸ್ತಿ ಇದ್ದ ಕೂಡಲೇ ಮಗುವನ್ನು ತಿಂಡಿಪೋತ ಎಂದೋ ತಾಯಿಯನ್ನು ಬೇಜವಾಬ್ದಾರಿ ಎಂದೋ ಅನ್ನುವುದು ನಿಲ್ಲಬೇಕು.

ಇದು ತೋಟದ ಮಾಲೀಕರ ಮಕ್ಕಳ ಕಾಯಿಲೆ, ಹಾಡಿ ಮಕ್ಕಳಿಗೆ ಊಟವೇ ಇಲ್ಲ ಎಂದು ವಾದ ಮಾಡುವವರೂ ಇದ್ದಾರೆ. ಹಾಡಿಗಳಲ್ಲಿ, ಲೈನ್ ಮನೆಗಳಲ್ಲಿ ಅಪೌಷ್ಟಿಕತೆ ಇರುವುದು ನಿಜ, ಅದರ ಕೆಲಸ ಒಂದು ಚೂರೂ ಕಡಿಮೆಯಾಗಬಾರದು. ಆದರೆ ಕಡಿಮೆ ತೂಕಕ್ಕೆ ಹುಟ್ಟಿ, ಆಮೇಲೆ ಬಿಸ್ಕತ್ತು, ಕುರುಕಲು, ಸಕ್ಕರೆ ನೀರಿನಲ್ಲಿ ಬೇಗ ಬೇಗ ತೂಕ ಏರುವ ಮಕ್ಕಳಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಹೋಗುತ್ತವೆ. ಅವರ ಕೈಯಲ್ಲಿ ಟೇಪು ಇರಲಿ. ಖಾಸಗಿ ಶಾಲೆಗಳ ಶಿಬಿರಗಳಿಗೂ ಇದೇ ಕ್ರಮ ಎಂದು ನೀವು ಒಂದು ಆದೇಶ ಮಾಡಿ.

ಮತ್ತೆ ಆ ಪರದೆ. ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ ಅಳೆಯಲಿ. ಮನೆಯವರಿಗೆ ಮೊದಲೇ ಚೀಟಿ ಕಳಿಸಿ ಒಪ್ಪಿಗೆ ಕೇಳಿ. ಮಗು ಬೇಡ ಎಂದರೆ ಅವತ್ತು ಬಿಡಿ. ಅಂಕಿಯನ್ನು ಬಾಯಲ್ಲಿ ಹೇಳಬೇಡಿ, ಬರೆದುಕೊಳ್ಳಿ. ಕಾರ್ಡನ್ನು ಮಗುವಿನ ಕೈಗೆ ಕೊಡದೆ ಮುಚ್ಚಿದ ಕವರ್‌ನಲ್ಲಿ ಹೆತ್ತವರಿಗೆ ಕೊಡಿ, ಅದರಲ್ಲಿ ಮುಂದೆ ಯಾವ ಆಸ್ಪತ್ರೆಗೆ, ಯಾವ ದಿನ ಬರಬೇಕು ಎಂದು ಬರೆದಿರಲಿ. ಆರು ತಿಂಗಳಿಗೆ ಮತ್ತೆ ಅಳೆಯಿರಿ. ಇಷ್ಟು ಮಾಡಲು ಆಗದಿದ್ದರೆ ಅಳೆಯುವುದೇ ಬೇಡ, ಯಾಕೆಂದರೆ ಸುಮ್ನೆ ಅಳೆದು ಬಿಟ್ಟರೆ ಮಗುವಿಗೆ ಉಳಿಯುವುದು ಅಡ್ಡಹೆಸರು ಮಾತ್ರ. ನನ್ನ ಮಗ ಶಾಲೆ ಬದಲಾಯಿಸುತ್ತೇನೆ ಎಂದು ಹಟ ಹಿಡಿದಿದ್ದು ಸಕ್ಕರೆಗೆ ಹೆದರಿ ಅಲ್ಲ, ಆ ಹೆಸರಿಗೆ.

ಅವನು ಈಗ ಹೇಗಿದ್ದಾನೆ ಎಂದು ಹೇಳಿ ಮುಗಿಸುತ್ತೇನೆ. ಡಾಕ್ಟರ್ ತೂಕ ಇಳಿಸಿ ಎಂದು ಹೇಳಲೇ ಇಲ್ಲ. "ಬೆಳೆಯುವ ಮಗು, ತೂಕ ಇದ್ದಲ್ಲೇ ನಿಂತು ಎತ್ತರ ಏರಿದರೆ ಸಾಕು" ಎಂದರು. ಕೂಲ್ ಡ್ರಿಂಕ್ಸ್, ಪ್ಯಾಕೆಟ್ ಜ್ಯೂಸ್ ಮನೆಗೆ ಬರುವುದು ನಿಂತಿತು, ಅವನಿಗೆ ಮಾತ್ರವಲ್ಲ, ಎಲ್ಲರಿಗೂ. ಬುತ್ತಿಯಲ್ಲಿ ಮೊಟ್ಟೆ, ಕಾಳು ಜಾಸ್ತಿ ಆಯಿತು. ಕಡುಬು, ಒಟ್ಟಿ ಯಾವುದೂ ಬಿಟ್ಟಿಲ್ಲ, ಬಡಿಸುವ ಲೆಕ್ಕ ಬದಲಾಯಿತು. ಸಂಜೆ ಅಂಗಡಿ ಬೇಗ ಮುಚ್ಚಿ ನಾವಿಬ್ಬರೂ ಪೇಟೆಯ ರಸ್ತೆಯಲ್ಲೇ ಒಂದು ಗಂಟೆ ನಡೆಯುತ್ತೇವೆ, ಮಳೆ ಬಂದರೆ ಕೊಡೆ ಹಿಡಿದು. 8 ತಿಂಗಳಾದ ಮೇಲೆ ಎತ್ತರ 150, ತೂಕ ಅದೇ 56, ಸುತ್ತಳತೆ 79. ಎಚ್‌ಬಿಎ1ಸಿ 5.5ಕ್ಕೆ ಬಂದಿದೆ. ಎಸ್‌ಜಿಪಿಟಿ 36, ಚೀಟಿಯಲ್ಲಿ ನಾರ್ಮಲ್ ಎಂದಿದೆ, ಡಾಕ್ಟರ್ ಇನ್ನೂ ಇಳಿಯಬೇಕು ಎಂದಿದ್ದಾರೆ. ಕತ್ತಿನ ಕಪ್ಪು ತಿಳಿಯಾಗುತ್ತಿದೆ. ಶಾಲೆಯ ತೂಕದ ಮೆಷಿನ್ ಮೇಲೆ ನಿಲ್ಲಿಸಿದರೆ ಅವನು ಇವತ್ತಿಗೂ "ಐವತ್ತಾರು"ಅಷ್ಟೇ.

ನಿಮ್ಮ ಸಿಬ್ಬಂದಿಗೆ, ಆಶಾ ಕಾರ್ಯಕರ್ತೆಯರಿಗೆ, ಶಿಕ್ಷಕರಿಗೆ ಟೇಪು ಹಿಡಿಯುವುದನ್ನು ತೋರಿಸಿಕೊಡಲು ನಾನು ತಯಾರಿದ್ದೇನೆ. ನನ್ನ ಅಂಗಡಿಗೆ ಬುಧವಾರ ರಜೆ. ಮಡಿಕೇರಿಯಾಗಲಿ, ಸೋಮವಾರಪೇಟೆಯಾಗಲಿ, ಕುಟ್ಟವಾಗಲಿ, ಯಾವ ಬುಧವಾರ ಕರೆದರೂ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ. ಟೇಪು ನಾನೇ ತರುತ್ತೇನೆ.

ಇಂತಿ,
ಗೋಣಿಕೊಪ್ಪಲಿನ ಒಬ್ಬ ಟೈಲರ್, ಒಬ್ಬ ಹುಡುಗನ ತಾಯಿ